ಸುಲ್ತಾನನ ಉಪವಾಸ

ಆನೆಕೊಂಡದ ಉಜ್ಜನಪ್ಪನಿಗೆ ಆಡಲು ಬಾರದ ಮಾತು ಒಂದೇ: ‘ಇದು ನನ್ನ ಕೈಲಿ ಆಗೋದಿಲ್ಲ.’ ಉಳಿದ ಮಾತುಗಳೆಲ್ಲ ಧಾರಾಳವಾಗಿ ಬರುತ್ತಿದ್ದವು. ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಅವನು ಟೈಮ್ ಕೀಪರ್. ಗಿರಣಿಯ ಕೂಗು ಹೊಡೆದ ಮೇಲೆ ಗೇಟಿಗೆ ಓಡಿಬಂದವರ ಹೆಸರನ್ನು ಪುಸ್ತಕದಲ್ಲಿ ಬರೆಯುವುದಷ್ಟೇ ಅವನ ಕೆಲಸ. ಆದರೆ ಅವನ ಮಾತು ಕೇಳಿದವರಿಗೆ ಇಡೀ ಗಿರಣಿ ಅವನ ಕಿಸೆಯಲ್ಲಿದೆ ಅನ್ನಿಸಬೇಕು. ಓಣಿಯಲ್ಲಿ ಯಾರದೇ ರೇಡಿಯೋ ಕೆಡಲಿ, ಎಮ್ಮೆ ಒದೆಯಲಿ, ಹುಡುಗಿಗೆ ಗಂಡು ಸಿಗದಿರಲಿ, ‘ನನ್ನ ಮ್ಯಾಲೆ ಬಿಡ್ರಿ’ ಎಂದು ಮುಂದೆ ಬರುವನು. ಹಾಗೆ ಬಿಟ್ಟವರೊಬ್ಬರು ಆಮೇಲೆ ತಮ್ಮ ರೇಡಿಯೋವನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಮನೆಗೆ ಒಯ್ದದ್ದುಂಟು. ಇದೆಲ್ಲ ಊರಿಗೇ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ಪೂರ್ತಿಯಾಗಿ ನಂಬಿದ್ದವರು ಒಬ್ಬರೇ, ಮಂಡಕ್ಕಿ ಭಟ್ಟಿಯ ಬಡೇಸಾಬ್.

ಅವರಿಬ್ಬರದು ಹದಿನೈದು ವರ್ಷದ ಸ್ನೇಹ. ಸಂಜೆ ಗಿರಣಿ ಬಿಟ್ಟ ಮೇಲೆ ಉಜ್ಜನಪ್ಪ ಭಟ್ಟಿಯ ಮುಂದಿನ ಕಲ್ಲಿನ ಮೇಲೆ ಕೂತು, ಬಿಸಿ ಮಂಡಕ್ಕಿಯ ಜೊತೆ ಹಸಿಮೆಣಸಿನಕಾಯಿ ಕಡಿಯುತ್ತ, ಪಂಚವಾರ್ಷಿಕ ಯೋಜನೆಯಲ್ಲಿ ದೆಹಲಿಯವರು ಮಾಡಿದ ತಪ್ಪುಗಳನ್ನು ಒಂದೊಂದಾಗಿ ತಿದ್ದುತ್ತಿದ್ದ. ಬಡೇಸಾಬ್ ಕಾದ ಮರಳನ್ನು ಜರಡಿ ಹಿಡಿಯುತ್ತ ‘ಹೌದ್ರಿ, ಖರೇವು’ ಎನ್ನುತ್ತಿದ್ದರು. ಹೇಳುವವನಿಗೂ ಕೇಳುವವನಿಗೂ ಅಷ್ಟರಲ್ಲಿಯೇ ಸಂತೋಷವಿತ್ತು.

ಹೊಸ ಪೈಸೆ ಬಂದು ಎರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಬಡೇಸಾಬ್ ಹಜ್ ಯಾತ್ರೆಗೆ ಹೊರಟರು. ಬೊಂಬಾಯಿಯವರೆಗೆ ರೈಲು, ಅಲ್ಲಿಂದ ಹಡಗು. ಹೋಗಿಬರಲು ಮೂರು ತಿಂಗಳು ಬೇಕು. ಭಟ್ಟಿಯನ್ನು ಮೂಲೆಮೂಲೆ ಗುಡಿಸಿ ಸುಣ್ಣ ಬಳಿದು ಬೀಗ ಹಾಕಿದರು. ಪರಿಚಯದವರ ಮನೆಮನೆಗೂ ಹೋಗಿ, ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಮಾಫ್ ಮಾಡಿರೆಂದು ಕೈಹಿಡಿದು ಕೇಳಿಕೊಂಡರು. ಕೊನೆಗೆ ಉಜ್ಜನಪ್ಪನ ಮನೆಗೆ ಬಂದಾಗ ಅವರ ಎರಡೂ ಕೈಗಳಲ್ಲಿ ಒಂದು ಬೋಗುಣಿ, ಕಂಕುಳಲ್ಲಿ ಒಂದು ಮಣ್ಣಿನ ಗಡಿಗೆ ಇದ್ದವು.

ಬೋಗುಣಿಯ ನೀರಿನಲ್ಲಿ ಅಂಗೈಯಗಲದ ಒಂದು ಆಮೆ ಕೂತಿತ್ತು. ಎರಡು ವರ್ಷದ ಹಿಂದೆ ಹರಿಹರದ ಹೊಳೆಯಲ್ಲಿ ಹರಿಗೋಲಿನ ಮೈಲಪ್ಪನ ಬಲೆಗೆ ಬಿದ್ದಿದ್ದ ಮರಿ. ಬಡೇಸಾಬರ ಹೆಂಡತಿ ಜೈನಾಬಿ ಅದನ್ನು ಅವನಿಂದ ಕೇಳಿ ಇಸಿದುಕೊಂಡು ಬಂದು, ಸುಲ್ತಾನ ಎಂದು ಹೆಸರಿಟ್ಟು ಸಾಕಿದ್ದಳು. ಮಕ್ಕಳಿಲ್ಲದ ಮನೆ. ಹೋದ ವರ್ಷ ಜೈನಾಬಿ ತೀರಿಕೊಂಡಳು. ಆಮೇಲೆ ಬಡೇಸಾಬರ ಮನೆಯಲ್ಲಿ ಅವರ ದನಿ ಕೇಳಿ ಕತ್ತು ಎತ್ತುವ ಜೀವವೆಂದರೆ ಇದೊಂದೇ ಉಳಿದಿತ್ತು.

“ಇದು ಆಕಿ ನನ್ನ ನಂಬಿ ಒಪ್ಪಿಸಿಹೋದ ಅಮಾನತ್ತು ಉಜ್ಜನಪ್ಪಾರೆ. ಮೂರು ತಿಂಗಳು ನಿಮ್ಮ ಹತ್ರ ಇರಲಿ,” ಎಂದು ಬಡೇಸಾಬ್ ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತೋರಿಸಿದರು. ಒಳಗೆ ಗೋಧಿ ಬೂಸಾ. ಬೂಸಾದೊಳಗೆ ಹಳದಿ ಬಣ್ಣದ, ಭತ್ತದ ಕಾಳಿಗಿಂತ ಸ್ವಲ್ಪ ಉದ್ದದ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. “ದಿನಾ ಎಂಟು ಹುಳ. ಜೀವಂತ ಇರಬೇಕ್ರಿ, ಸತ್ತಿದ್ದು ಮೂಸಿನೂ ನೋಡಂಗಿಲ್ಲ. ಅನ್ನ, ಸೊಪ್ಪು ಯಾವುದೂ ಬ್ಯಾಡ, ಅದಕ್ಕೆ ಹತ್ತಂಗಿಲ್ಲ. ಬೂಸಾದ ಮ್ಯಾಲೆ ಒಂದು ಚೂರು ಆಲೂಗಡ್ಡಿ ಇಟ್ಟರೆ ಹುಳ ತಾವೇ ಬೆಳೀತಾವೆ. ಆಗ್ತೈತೇನ್ರಿ ನಿಮ್ಮ ಕೈಲಿ?”

“ನನ್ನ ಮ್ಯಾಲೆ ಬಿಡ್ರಿ ಸಾಬ್ರೆ,” ಎಂದ ಉಜ್ಜನಪ್ಪ.

ಬಡೇಸಾಬ್ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವನಿಗೆ ಹೆಂಡತಿಯ ನೆನಪಾಗಲಿಲ್ಲ. ಆದ ಕೂಡಲೇ ಬೆವರು ಬಂತು. ದ್ರಾಕ್ಷಾಯಣಮ್ಮ ಲಿಂಗಪೂಜೆಯಾಗದೆ ಹನಿ ನೀರು ಕುಡಿಯದ ಹೆಂಗಸು. ಮೊಟ್ಟೆ ಮಾರುವವನು ಓಣಿಯಲ್ಲಿ ಕೂಗಿದರೆ ಬಾಗಿಲು ಹಾಕಿಕೊಳ್ಳುವವಳು. ಅಂಥವಳ ಮನೆಯಲ್ಲಿ ದಿನಕ್ಕೆ ಎಂಟು ಜೀವ! ಉಜ್ಜನಪ್ಪ ಗಡಿಗೆಯನ್ನು ಬಚ್ಚಲಿನ ಸೌದೆಯ ಹಿಂದೆ ಬಚ್ಚಿಟ್ಟು ಬಂದಾಗ ಅವಳು ಬೋಗುಣಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಇದೇನ್ ತಿಂತೈತ್ರಿ?”

ಹುಳ ಎಂದು ಎರಡಕ್ಷರ ಹೇಳಿದ್ದರೆ ಮುಗಿಯುತ್ತಿತ್ತು. ಈ ಕಥೆಯೂ ಇರುತ್ತಿರಲಿಲ್ಲ. ಆದರೆ ಉಜ್ಜನಪ್ಪ, “ಅನ್ನ,” ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೂ ಬದುಕಬಹುದಿತ್ತು. “ಬರೀ ಅನ್ನ, ಹಾಲು, ದಾಸವಾಳದ ಹೂವು. ಹೊಳ್ಯಾಗೆ ಇದ್ದಾಗ ಏನೇನೋ ತಿಂತಿತ್ತು. ಈಗ ಬಿಟ್ಟೈತೆ.”

“ಬಿಟ್ಟೈತೆ? ತಾನಾಗೇ?”

“ನಾನು ಬಿಡಿಸೀನಿ. ದಿನಾ ಸಂಜೆ ಭಟ್ಟಿ ಹತ್ರ ಕೂತು ಅದಕ್ಕೆ ತಿಳಿಸಿ ಹೇಳ್ತಿದ್ನಲ್ಲ.”

ದ್ರಾಕ್ಷಾಯಣಮ್ಮ ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಗಂಡನ ಕಡೆ ಮೆಚ್ಚುಗೆಯಿಂದ ನೋಡಿದಳು. ಉಜ್ಜನಪ್ಪನಿಗೆ ಆ ನೋಟ ಹಿಡಿಸಿತು. ಅಲ್ಲಿಂದಲೇ ಕೆಡುಕು ಶುರುವಾಯಿತು.

ಮೊದಲ ಎರಡು ವಾರ ಎಲ್ಲವೂ ಸುಸೂತ್ರ. ಬೆಳಿಗ್ಗೆ ಅವಳು ಪೂಜೆಗೆ ಕೂತಾಗ ಉಜ್ಜನಪ್ಪ ಬಚ್ಚಲಿಗೆ ಹೋಗಿ, ಸುಣ್ಣದ ಕಡ್ಡಿಯಿಂದ ಎಂಟು ಹುಳ ಎಣಿಸಿ ಎತ್ತಿ, ಮುಖ ಆಚೆ ತಿರುಗಿಸಿಕೊಂಡು ಬೋಗುಣಿಗೆ ಬಿಡುತ್ತಿದ್ದ. ಸುಲ್ತಾನ ಕತ್ತು ಚಾಚಿ ಗಬಕ್ಕನೆ ಹಿಡಿಯುತ್ತಿತ್ತು. ಅವಳಿಟ್ಟ ಅನ್ನವನ್ನು ಉಜ್ಜನಪ್ಪ ಕಾಗೆಗೆ ಹಾಕುತ್ತಿದ್ದ. ಖಾಲಿಯಾದ ಎಲೆ ನೋಡಿ ದ್ರಾಕ್ಷಾಯಣಮ್ಮ ಕಣ್ಣಿಗೊತ್ತಿಕೊಂಡಳು. ಪಕ್ಕದ ಮನೆಯ ಹೊನ್ನಕ್ಕನಿಗೆ ಹೇಳದೆ ಇರಲಾಗಲಿಲ್ಲ, ಅವಳೂ ಮನುಷ್ಯಳೇ ತಾನೇ.

ಹೊನ್ನಕ್ಕನಿಗೆ ಹೇಳಿದ ಮೇಲೆ ಬೇರೆಯವರಿಗೆ ಹೇಳುವ ಶ್ರಮ ಯಾರಿಗೂ ಇರಲಿಲ್ಲ. ಹರಿಹರದ ಹೊಳೆಯ ಆಮೆ, ದೇವಸ್ಥಾನದ ಮೆಟ್ಟಿಲ ಹತ್ತಿರವೇ ಸಿಕ್ಕಿದ್ದು, ಮಾಂಸ ಬಿಟ್ಟು ಅನ್ನ ತಿನ್ನುತ್ತದೆ ಎಂಬ ಸುದ್ದಿ ಆನೆಕೊಂಡ ದಾಟಿ ಆವರಗೆರೆಯವರೆಗೆ ಹೋಯಿತು. ಹೆಂಗಸರು ಹೂವು, ಕೊಬ್ಬರಿ, ಹಾಲು ಹಿಡಿದು ಬಂದರು. ಒಬ್ಬರು ಬೆಳಿಗ್ಗೆ ಅದರ ಬೆನ್ನಿಗೆ ವಿಭೂತಿ ಹಚ್ಚಿದರೆ, ಮಧ್ಯಾಹ್ನ ನಿವೃತ್ತ ಪೋಸ್ಟ್ ಮಾಸ್ತರರು ಬಂದು ಕೂರ್ಮಾವತಾರವೆಂದು ಅದರ ಮೇಲೆಯೇ ನಾಮ ಎಳೆದರು. ಹರಿಹರದ್ದಾದ್ದರಿಂದ ಎರಡೂ ನಡೆಯುತ್ತದೆ ಎಂದು ಉಜ್ಜನಪ್ಪ ತೀರ್ಪು ಕೊಟ್ಟ. ಸುಲ್ತಾನನನ್ನು ಜನ ಸುಲ್ತಾನಪ್ಪ ಎನ್ನತೊಡಗಿದರು. ಉಜ್ಜನಪ್ಪ ಗಿರಣಿಯಿಂದ ಬಂದವನೇ ಷರಾಯಿ ಬಿಚ್ಚಿ ಮಡಿ ಪಂಚೆ ಉಟ್ಟು ಬೋಗುಣಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಪ್ರಾಣಿಗಳಿಗೆ ಸದ್ಬುದ್ಧಿ ಕಲಿಸುವ ಕ್ರಮವನ್ನು ವಿವರಿಸುತ್ತಿದ್ದ. ಕೇಳುವವರು ತಲೆದೂಗುತ್ತಿದ್ದರು.

ಹೀಗಿರುವಾಗ ಒಂದು ಮಂಗಳವಾರ ಅವನು ಗಿರಣಿಯಿಂದ ಬಂದರೆ ಅಂಗಳದಲ್ಲಿ ಚಾಪೆ, ಚಾಪೆಯ ಮೇಲೆ ಬೂಸಾ, ಬೂಸಾದ ಮೇಲೆ ಗುಬ್ಬಿ, ಕಾಗೆ, ಗೊರವಂಕಗಳ ದೊಡ್ಡ ಸಭೆ.

“ಬಚ್ಚಲದಾಗೆ ಒಂದು ಗಡಿಗಿ ಬೂಸಾ ಇತ್ರಿ, ಯಾವ ಕಾಲದ್ದೋ ಏನೋ. ಪೂರಾ ಹುಳ ಹಿಡಿದಿತ್ತು. ಬೆಳಿಗ್ಗಿಯಿಂದ ಬಿಸಿಲಿಗೆ ಹಾಕಿ ಜರಡಿ ಹಿಡಿದೀನಿ,” ಎಂದಳು ದ್ರಾಕ್ಷಾಯಣಮ್ಮ, ಬೆನ್ನು ನೀವಿಕೊಳ್ಳುತ್ತ. “ಈಗ ನೋಡ್ರಿ, ಒಂದು ಹುಳ ಇದ್ರೆ ಕೇಳ್ರಿ.”

ಉಜ್ಜನಪ್ಪ ನೋಡಿದ. ಒಂದೂ ಇರಲಿಲ್ಲ. ಹುಳ ಹಿಡಿದ ಕಾಳುಕಡಿಯನ್ನು ಕಂಡೂ ಬಿಸಿಲಿಗೆ ಹಾಕದೆ ಬಿಡುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅವಳನ್ನು ಬೈಯುವಂತೆಯೂ ಇಲ್ಲ. ಅವನು ಬಡೇಸಾಬ್ ತನ್ನ ಹತ್ತಿರ ಕೊಟ್ಟುಹೋಗಿದ್ದ ಬೀಗದ ಕೈ ತೆಗೆದುಕೊಂಡು ಭಟ್ಟಿಗೆ ಓಡಿದ. ಅಲ್ಲಿ ಸುಣ್ಣದ ಗೋಡೆ ಬಿಟ್ಟರೆ ಒಂದು ಇರುವೆಯೂ ಇರಲಿಲ್ಲ. ಬೇಸಿಗೆಯ ಒಣ ನೆಲ, ಅಗೆದರೂ ಎರೆಹುಳ ಸಿಗದ ಕಾಲ.

ಮರುದಿನದಿಂದ ಸಂತೆಯಲ್ಲಿ ತರಕಾರಿಯವಳು ಕಣ್ಣು ಕಣ್ಣು ಬಿಡುವಂತಾಯಿತು. ಜನ ತೂತಿಲ್ಲದ ಬದನೆಕಾಯಿ ಆರಿಸಿದರೆ ಉಜ್ಜನಪ್ಪ ತೂತಿದ್ದವನ್ನೇ ಆರಿಸಿ ಚೀಲಕ್ಕೆ ಹಾಕುತ್ತಿದ್ದ. ಬಚ್ಚಲಿನಲ್ಲಿ ಕೂತು ಸೀಳಿದರೆ ಎರಡೋ ಮೂರೋ ಹುಳ. ಮನೆಯಲ್ಲಿ ಐದು ದಿನ ಸತತವಾಗಿ ಬದನೆಕಾಯಿ ಎಣ್ಣೆಗಾಯಿ. ಆರನೆಯ ದಿನ ದ್ರಾಕ್ಷಾಯಣಮ್ಮ, “ನಿಮ್ಮ ಕಣ್ಣು ಮಂಜಾಗ್ಯಾವೆ, ಇನ್ನು ಮ್ಯಾಲೆ ಕಾಯಿಪಲ್ಲೆ ನಾನೇ ತರ್ತೀನಿ,” ಎಂದು ಚೀಲ ಕಿತ್ತುಕೊಂಡಳು.

ಉಳಿದದ್ದು ಕಿರಾಣಿ ಅಂಗಡಿ. ಪೇಟೆಯಲ್ಲಿ ದೊಡ್ಡ ಅಂಗಡಿ ವಾಮದೇವಪ್ಪನದು. ಉಜ್ಜನಪ್ಪ ಹೋದಾಗ ಅಂಗಡಿ ತುಂಬ ಗಿರಾಕಿಗಳು. ಅವನು ಮೆಲ್ಲಗೆ ಕೇಳಿದ.

“ಹಳೇ ರವೆ ಐತೇನ್ರಿ?”

“ಎಲ್ಲಾ ಹೊಸದು. ನಿನ್ನೆ ಬಂದ ಮಾಲು.”

“ಹೊಸದು ಬ್ಯಾಡ. ಸ್ವಲ್ಪ ಹುಳ ಹಿಡಿದಿದ್ದು ಬೇಕಾಗಿತ್ತು.”

ವಾಮದೇವಪ್ಪ ತಕ್ಕಡಿ ಕೆಳಗಿಟ್ಟ. “ಏನಂದ್ರಿ?”

“ಹುಳ ಹಿಡಿದಿದ್ದು. ಒಳಗೆ ಮೂಲ್ಯಾಗೆ ಎಲ್ಲಾದ್ರೂ ಇರತೈತೆ, ನೋಡ್ರಿ ಒಂದೀಟು.”

“ನಮ್ಮ ಅಂಗಡ್ಯಾಗೆ ಹುಳ?” ಎಂದು ವಾಮದೇವಪ್ಪ ಎದ್ದು ನಿಂತ. ಗಿರಾಕಿಗಳು ತಮ್ಮ ತಮ್ಮ ಪೊಟ್ಟಣಗಳನ್ನು ಬಿಚ್ಚಿ ನೋಡತೊಡಗಿದರು. “ನಮ್ಮಪ್ಪನ ಕಾಲದಿಂದ ಇಲ್ಲಿ ಹುಳ ಕಂಡವರಿಲ್ಲ. ಯಾರು ಕಳಿಸ್ಯಾರ್ರಿ ನಿಮ್ಮನ್ನ?”

“ಯಾರೂ ಇಲ್ಲ, ನಾನೇ ಬಂದೀನಿ. ಸಿಕ್ಕರೆ ಎಂಟೇ ಸಾಕು.”

ಎಂಟು ಎಂದು ಲೆಕ್ಕ ಹೇಳಿ ಹುಳ ಕೇಳುವವನು ಸುಮ್ಮನೆ ಬಂದವನಲ್ಲ, ಮುನಿಸಿಪಾಲಿಟಿಯವರು ಗುಟ್ಟಾಗಿ ಪರೀಕ್ಷೆಗೆ ಬಿಟ್ಟವನು ಎಂದು ವಾಮದೇವಪ್ಪ ತೀರ್ಮಾನಿಸಿದ. ಆಹಾರ ಕಲಬೆರಕೆಯ ಕಾನೂನು ಬಂದು ನಾಲ್ಕೈದು ವರ್ಷವಾಗಿದ್ದ ಕಾಲ, ಅಂಗಡಿಯವರಿಗೆ ನಿದ್ದೆಯಲ್ಲೂ ಅದರದೇ ಕನವರಿಕೆ. ಉಜ್ಜನಪ್ಪ ಎರಡನೆಯ ಅಂಗಡಿ ಮುಟ್ಟುವ ಮೊದಲೇ ಸುದ್ದಿ ಐದನೆಯ ಅಂಗಡಿ ಮುಟ್ಟಿತ್ತು. ಮರುದಿನ ಪೇಟೆಯಲ್ಲಿ ಎಲ್ಲಿ ನೋಡಿದರೂ ಜರಡಿಯ ಸದ್ದು. ಮೂಟೆಗಳೆಲ್ಲ ಬಿಸಿಲಿಗೆ ಬಂದವು. ಉಜ್ಜನಪ್ಪ ಬೀದಿಗೆ ಬಂದರೆ ಅಂಗಡಿಯವರು ಕರೆದು ಕೂಡಿಸಿ, ಬೆಳ್ಳಗೆ ಹೊಳೆಯುವ ರವೆಯನ್ನು ಅಂಗೈಯಲ್ಲಿ ಹರಡಿ ತೋರಿಸುವರು. ದಾವಣಗೆರೆಯ ಜನ ಅಂಥ ಶುದ್ಧವಾದ ಉಪ್ಪಿಟ್ಟನ್ನು ಹಿಂದೆ ತಿಂದಿರಲಿಲ್ಲ, ಮುಂದೆಯೂ ತಿನ್ನಲಿಲ್ಲ. ಇಡೀ ಪೇಟೆಯಲ್ಲಿ ಹೊಟ್ಟೆಗಿಲ್ಲದೆ ಇದ್ದದ್ದು ಒಂದು ಸುಲ್ತಾನ.

ಮುಂದಿನ ಸೋಮವಾರ ಮನೆ ತುಂಬ ಜನ ಸೇರಿದ್ದಾಗ ಮುನಿಸಿಪಾಲಿಟಿಯ ಹೆಲ್ತ್ ಇನ್ಸ್‌ಪೆಕ್ಟರ್ ಕರಿಬಸವರಾಜ ಸೈಕಲ್ಲಿನಿಂದ ಇಳಿದು ಒಳಗೆ ಬಂದರು. ಹಿಂದೆ ವಾಮದೇವಪ್ಪನೂ ಇದ್ದ.

“ಉಜ್ಜನಪ್ಪ ಅಂದ್ರೆ ನೀವೇ ಏನ್ರಿ? ನೀವು ಅಂಗಡಿ ಅಂಗಡಿ ತಿರುಗಿ ಹುಳ ಹುಡುಕಾಕತ್ತೀರಿ ಅಂತ ರಿಪೋರ್ಟ್ ಬಂದೈತೆ. ನಮ್ಮ ಆಫೀಸಿನಿಂದ ನಾವು ಯಾರನ್ನೂ ಕಳಿಸಿಲ್ಲ. ಹುಳ ನಿಮಗೆ ಯಾಕ ಬೇಕು?”

ಗಂಟೆ ಬಾರಿಸುತ್ತಿದ್ದವಳು ನಿಲ್ಲಿಸಿದಳು. ಉಜ್ಜನಪ್ಪ ಬೋಗುಣಿಯ ಕಡೆ ನೋಡಿದ. ಸುಲ್ತಾನ ಹಾಲು ಬೆರೆತ ನೀರಿನಲ್ಲಿ ಕಣ್ಣು ಮುಚ್ಚಿಕೊಂಡಿತ್ತು. ಇದಕ್ಕೆ ತಿನ್ನಲು ಬೇಕು ಸ್ವಾಮಿ, ಎನ್ನಬೇಕು. ಅಷ್ಟು ಹೇಳಿದರೆ ಆ ಇನ್ಸ್‌ಪೆಕ್ಟರೇ ಎಲ್ಲಿಂದಾದರೂ ತರಿಸಿಕೊಡುವರು. ಅವನಿಗೆ ಇದು ಗೊತ್ತಿತ್ತು. ಬಾಯಿ ತೆರೆದೂ ತೆರೆದ. ಆದರೆ ಬಾಗಿಲಲ್ಲಿ ದ್ರಾಕ್ಷಾಯಣಮ್ಮ ಆರತಿ ತಟ್ಟೆ ಹಿಡಿದು ಅದೇ ಮೆಚ್ಚುಗೆಯ ಕಣ್ಣಿನಿಂದ ಅವನನ್ನು ನೋಡುತ್ತಿದ್ದಳು.

“ಸಾರ್ವಜನಿಕರ ಆರೋಗ್ಯದ ಸಲುವಾಗಿ,” ಎಂದ ಉಜ್ಜನಪ್ಪ. “ಯಾರೂ ಕಳಿಸದಿದ್ರೂ ಒಬ್ಬ ಪ್ರಜೆ ಅಂದ ಮ್ಯಾಲೆ ನಮ್ಮದೂ ಕರ್ತವ್ಯ ಐತಲ್ರಿ.”

ಜನ ಚಪ್ಪಾಳೆ ತಟ್ಟಿದರು. ಇನ್ಸ್‌ಪೆಕ್ಟರು ಕೈಕುಲುಕಿದರು. ವಾಮದೇವಪ್ಪ ಮಾತ್ರ ಹಲ್ಲು ಕಚ್ಚಿ, “ಹಂಗಾದ್ರೆ ನಾವೂ ಒಂದು ಪರೀಕ್ಷೆ ಮಾಡ್ತೀವಿ. ನಿಮ್ಮ ಆಮೆ ನಮ್ಮ ಕಣ್ಣ ಮುಂದೆ ಒಂದು ಅಗುಳು ಅನ್ನ ತಿನ್ನಲಿ,” ಎಂದ.

ಅನ್ನ ಬಂತು. ಹೊನ್ನಕ್ಕ ಸುಲ್ತಾನನ ಮೂತಿಯ ಹತ್ತಿರ ಹಿಡಿದಳು. ಅದು ಕತ್ತು ಒಳಗೆಳೆದುಕೊಂಡಿತು. ಎಲ್ಲರೂ ಉಜ್ಜನಪ್ಪನ ಮುಖ ನೋಡಿದರು.

“ಇವತ್ತು ಯಾವ ವಾರ?” ಎಂದ ಉಜ್ಜನಪ್ಪ ಗಂಭೀರವಾಗಿ. “ಸೋಮವಾರ. ಸೋಮವಾರ ಸುಲ್ತಾನಪ್ಪ ಒಪ್ಪೊತ್ತು. ಬೆಳಿಗ್ಗೆ ಆಗೈತೆ.”

ಜನ ‘ಹರಹರಾ’ ಎಂದು ಬೋಗುಣಿಗೆ ಕೈಮುಗಿದರು. ವಾಮದೇವಪ್ಪನೇ ಕೆನ್ನೆ ಬಡಿದುಕೊಂಡ. ಮಂಗಳವಾರ ಅದೇ ಅನ್ನ ಹಿಡಿದು ಬಂದರು, ಸುಲ್ತಾನ ತಿನ್ನಲಿಲ್ಲ. ಬುಧವಾರವೂ ಇಲ್ಲ. ಆಗ ಹೊನ್ನಕ್ಕನೇ ಹೇಳಿದಳು: “ಅದು ಅನುಷ್ಠಾನಕ್ಕೆ ಕೂತೈತೆ.” ಉಜ್ಜನಪ್ಪ ಅಲ್ಲವೆನ್ನಲಿಲ್ಲ. ಅಂದಿನಿಂದ ಓಣಿಯವರು ಸರದಿ ಹಾಕಿಕೊಂಡು, ಹಗಲು ಹೆಂಗಸರು, ರಾತ್ರಿ ಭಜನೆಯವರು, ಬೋಗುಣಿಯ ಸುತ್ತ ಕೂತರು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಉಪವಾಸದ ದಿನ ಬರೆದು ತಿದ್ದುವ ಕೆಲಸವನ್ನು, ಟೈಮ್ ಕೀಪರ್ ಎಂದು, ಉಜ್ಜನಪ್ಪನಿಗೇ ಒಪ್ಪಿಸಿದರು.

ಉಜ್ಜನಪ್ಪನಿಗೆ ಊಟ ಸೇರದಾಯಿತು. ಗಿರಣಿಯಲ್ಲಿ ತಡವಾಗಿ ಬಂದವರ ಹೆಸರಿನ ಮುಂದೆ ಹೊತ್ತಿನ ಬದಲು ಉಪವಾಸದ ದಿನ ಬರೆದುಬಿಡುತ್ತಿದ್ದ. ಹದಿನೇಳನೆಯ ದಿನ ಲೋಕಿಕೆರೆಯ ಒಬ್ಬ ರೈತನ ಕಣಜದಲ್ಲಿದ್ದ ಹಳೆಯ ಗೋಧಿಯಿಂದ ಹೇಗೋ ಒಂದು ಹುಳ ಸಂಪಾದಿಸಿ, ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದ. ಆರತಿಯ ಹೊತ್ತಿನಲ್ಲಿ, ಹೂವು ಏರಿಸುವ ನೆವದಲ್ಲಿ, ಬೆರಳಸಂದಿಯಿಂದ ಅದನ್ನು ನೀರಿಗೆ ಬಿಟ್ಟ.

ಸುಲ್ತಾನ ಕಣ್ಣು ತೆರೆಯಿತು. ಎಷ್ಟೋ ದಿನದಿಂದ ಅಲ್ಲಾಡದೆ ಇದ್ದ ಕತ್ತು ನಿಧಾನವಾಗಿ ಹೊರಗೆ ಬಂತು. ಬಾಯಿ ತೆರೆಯಿತು.

“ಅಯ್ಯೋ ಹುಳಾ!” ಎಂದು ಹೊನ್ನಕ್ಕ ಕಿರುಚಿ, ಚಮಚದಿಂದ ಎತ್ತಿ ಅಂಗಳಕ್ಕೆ ಎಸೆದಳು. “ಯಾವನೋ ಪಾಪಿ ನೇಮ ಕೆಡಿಸಾಕೆ ಹಾಕ್ಯಾನೆ! ನೋಡ್ರೆ, ಸುಲ್ತಾನಪ್ಪ ಕತ್ತು ಚಾಚಿ ಹೆಂಗೆ ದೂಡಾಕ ಬಂತು!”

ಕತ್ತು ಇನ್ನೂ ಹೊರಗೇ ಇತ್ತು. ಹುಳ ಇದ್ದ ಜಾಗದಲ್ಲಿ ಅದು ಒಂದು ಸಲ ನೀರನ್ನೇ ಕಚ್ಚಿತು. “ಯಾರು ಹಾಕಿದ್ದು, ನೀವು ನೋಡಿದ್ರೇನ್ರಿ ಉಜ್ಜನಪ್ಪಾರೆ?” ಎಂದು ನಾಲ್ಕು ಜನ ಕೇಳಿದರು.

“ವಿಚಾರಿಸಾನ,” ಎಂದ ಉಜ್ಜನಪ್ಪ.

ಆ ಒಂದು ಮಾತು ನೆನೆದಾಗ ಅವನು ಮುಂದೆ ಎಷ್ಟೋ ವರ್ಷ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಸುಲ್ತಾನ ಸತ್ತಿತ್ತು. ಜನ ಸತ್ತಿತು ಎನ್ನಲಿಲ್ಲ, ಲಿಂಗೈಕ್ಯವಾಯಿತು ಎಂದರು. ವಾಮದೇವಪ್ಪ ಹೂವಿನ ಖರ್ಚು ತನ್ನದೆಂದ. ಸಣ್ಣ ಬುಟ್ಟಿಯೊಂದನ್ನು ಪಲ್ಲಕ್ಕಿಯಂತೆ ಸಿಂಗರಿಸಿ, ಮುಂದೆ ಸಮಾಳದ ಬಡಿತ, ಹಿಂದೆ ಭಜನೆ, ಕೆರೆಯ ದಂಡೆಯವರೆಗೆ ಮೆರವಣಿಗೆ ಹೋಯಿತು. ಬುಟ್ಟಿ ಹೊತ್ತವನು ಉಜ್ಜನಪ್ಪ. ಅವನು ಗಳಗಳನೆ ಅತ್ತ. ಎಂಥ ಭಕ್ತಿ ಎಂದು ಜನ ಅವನ ಕೊರಳಿಗೂ ಒಂದು ಹಾರ ಹಾಕಿದರು. ಅಳುವುದಕ್ಕೆ ಅಡ್ಡವಾಗುತ್ತಿದ್ದರೂ ಅದನ್ನು ತೆಗೆಯುವ ಧೈರ್ಯ ಅವನಿಗೆ ಆಗಲಿಲ್ಲ.

ಬಡೇಸಾಬ್ ಬರಲು ಇನ್ನು ಒಂದು ತಿಂಗಳೂ ಉಳಿದಿರಲಿಲ್ಲ. ಉಜ್ಜನಪ್ಪ ರಜೆ ಹಾಕಿ ಹರಿಹರಕ್ಕೆ ಹೋದ. ಮಳೆ ಹಿಡಿದಿತ್ತು. ಹೊಳೆ ಕೆಂಪಗೆ ಮೆಟ್ಟಿಲವರೆಗೆ ಏರಿತ್ತು. ಹರಿಗೋಲನ್ನು ದಂಡೆಗೆ ಕವುಚಿಹಾಕಿ ಮೈಲಪ್ಪ ಬಲೆ ಹೆಣೆಯುತ್ತ ಕೂತಿದ್ದ.

“ಒಂದು ಆಮೆ ಮರಿ ಬೇಕಾಗಿತ್ತಪ್ಪ. ಅಂಗೈಯಗಲದ್ದು.”

ಮೈಲಪ್ಪ ತಲೆಯೆತ್ತಿ ನೋಡಿದ. “ನೀವು ದಾವಣಗೇರಿಯಾಗೆ ಆಮೆಗೆ ಉಪದೇಶ ಮಾಡಿದ ಗುರುಗಳಲ್ಲೇನ್ರಿ? ಇಲ್ಲೆಲ್ಲಾ ನಿಮ್ಮದೇ ಸುದ್ದಿ. ಹೊಳೆ ಆಮೆ ಅನ್ನ ತಿಂದ್ರೆ, ಹೊಳ್ಯಾಗೆ ಭತ್ತ ಬೆಳೆಯೋರು ಯಾರ್ರಿ?”

ಉಜ್ಜನಪ್ಪ ಸುತ್ತ ನೋಡಿದ. ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ಮೊದಲಿನಿಂದ ಕಡೆಯವರೆಗೆ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟ. ನಗುತ್ತ ಕೇಳತೊಡಗಿದ ಮೈಲಪ್ಪ ಮುಗಿಯುವ ಹೊತ್ತಿಗೆ ನಗುತ್ತಿರಲಿಲ್ಲ.

“ಜೈನಾಬಮ್ಮ ಅದನ್ನ ಸೆರಗಿನಾಗೆ ಕಟ್ಟಿಕೊಂಡು ಹೋಗಿದ್ಲು,” ಎಂದ. ಬಲೆಯ ಒಂದು ಗಂಟು ಬಿಗಿದ. “ಹೊಳೆ ಇಳೀಲಿ. ಸಿಕ್ಕರೆ ಕೊಡ್ತೀನಿ. ಆದ್ರೆ ಇದ್ನಾದ್ರೂ ಹಸಿವಿಗೆ ಹಾಕಬ್ಯಾಡ್ರಿ.”

ಮೂರು ವಾರಕ್ಕೆ ಸಿಕ್ಕಿತು. ಮನೆಗೆ ತಂದ ದಿನ ಉಜ್ಜನಪ್ಪ ಬಾಗಿಲು ಹಾಕಿ, ಹೆಂಡತಿಯನ್ನು ಕೂಡಿಸಿ, ಎಲ್ಲವನ್ನೂ ಹೇಳಿದ. ಅವಳು ಚೀರಾಡುವಳು, ತವರಿಗೆ ಹೊರಡುವಳು ಎಂದು ಗೋಡೆಗೆ ಒರಗಿ ಸಿದ್ಧನಾಗಿ ನಿಂತಿದ್ದ. ದ್ರಾಕ್ಷಾಯಣಮ್ಮ ಎದ್ದು ಒಳಗೆ ಹೋಗಿ ಮೊರದಲ್ಲಿ ಬೂಸಾ ತಂದಳು. ಮಳೆಗಾಲದ ಬೂಸಾ, ಹುಳಕ್ಕೆ ಬರವಿರಲಿಲ್ಲ. ಕಾಲು ಚಾಚಿ ಕೂತು, ಅಕ್ಕಿಯಲ್ಲಿ ಕಲ್ಲು ಹೆಕ್ಕುವಷ್ಟೇ ಚುರುಕಾಗಿ, ಎಂಟು ಹುಳ ಹೆಕ್ಕಿ ಬೋಗುಣಿಗೆ ಹಾಕಿದಳು.

“ಮೂವತ್ತು ವರ್ಷದಿಂದ ಹುಳ ಆರಿಸಾಕತ್ತೀನಿ, ನಂಗೇನು ಹೊಸದಾ?” ಎಂದಳು. “ನಾನು ತಿನ್ನಂಗಿಲ್ಲ ಅಂತ ಅದೂ ತಿನ್ನಬಾರದು ಅಂದಿದ್ನೇನ್ರಿ ನಾನು? ಒಂದು ಮಾತು ಹೇಳಿದ್ರೆ ನಾನೇ ಹಾಕ್ತಿದ್ನಲ್ರಿ. ನನ್ನ ಕೈಯಾರೆ ಅದರ ಊಟನ ಬಿಸಿಲಿಗೆ ಹಾಕಿಸಿಬಿಟ್ರಲ್ಲ.”

ಉಜ್ಜನಪ್ಪನಿಗೆ ಅವಳು ಬೈದಿದ್ದರೇ ವಾಸಿ ಎನ್ನಿಸಿತು. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿ ಏನೆನ್ನುತ್ತಾಳೆಂದು ತಿಳಿಯದ ಅವನು, ಪ್ರಾಣಿಗಳಿಗೆ ಬುದ್ಧಿ ಕಲಿಸುವ ಕ್ರಮವನ್ನು ಊರಿಗೆ ಹೇಳಿದ್ದ.

ಬಡೇಸಾಬ್ ಬಂದ ದಿನ ಸ್ಟೇಷನ್ನಿನಲ್ಲಿ ಹಾರ ಹಿಡಿದ ಜನ ಬಹಳವಿದ್ದರು. ಉಜ್ಜನಪ್ಪ ಹೋಗಲಿಲ್ಲ. ಮನೆಯಲ್ಲಿ ಕೂತು ತಾನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ಹೆಂಡತಿಗೆ ಹೇಳಿದಂತೆ ಇದ್ದದ್ದನ್ನು ಹೇಳುವುದೆಂದು ಮೊದಲು ನಿಶ್ಚಯಿಸಿದ್ದ. ಆದರೆ ಸಂಜೆ ಬಾಗಿಲಲ್ಲಿ ಬಡೇಸಾಬರ ಬಿಳಿಯ ಗಡ್ಡ, ಕೈಯಲ್ಲಿ ಖರ್ಜೂರದ ಪೊಟ್ಟಣ, ಮೆಕ್ಕಾದ ಜಮ್‌ಜಮ್ ನೀರಿನ ಸೀಸೆ ಕಂಡ ಕೂಡಲೇ ಹಳೆಯ ಚಾಳಿ ನಾಲಿಗೆಯ ಮೇಲೆ ಬಂದು ಕೂತಿತು.

“ಜನ ಏನೇನೋ ಹೇಳಿರಬೇಕು ಸಾಬ್ರೆ. ಅದು ಬ್ಯಾರೆ ಆಮೆ. ಸತ್ತಿದ್ದು ಬ್ಯಾರೆ. ನಿಮ್ಮ ಸುಲ್ತಾನ ಇಲ್ಲೇ ಐತೆ, ನೋಡ್ರಿ, ಹೆಂಗೆ ಮೈ ತುಂಬಿಕೊಂಡೈತೆ!”

ಒಳಬಾಗಿಲಲ್ಲಿ ನಿಂತಿದ್ದ ದ್ರಾಕ್ಷಾಯಣಮ್ಮ ತಲೆ ತಗ್ಗಿಸಿದಳು. ಬಡೇಸಾಬ್ ಬೋಗುಣಿಯ ಮುಂದೆ ಕೂತರು. “ಸುಲ್ತಾನ,” ಎಂದು ಒಂದು ಸಲ ಕರೆದರು. ಆಮೆ ತನ್ನ ಪಾಡಿಗೆ ತಾನಿತ್ತು. ದ್ರಾಕ್ಷಾಯಣಮ್ಮ ಮತ್ತೆ ಬೂಸಾ ತುಂಬಿಟ್ಟಿದ್ದ ಗಡಿಗೆಯಿಂದ ಹುಳ ತೆಗೆದು ಒಂದೊಂದಾಗಿ ಹಾಕಿದರು. ಎಂಟೂ ತಿಂದಿತು. ಅದರ ಬೆನ್ನನ್ನು ಬೆರಳಿನಿಂದ ಒರೆಸುತ್ತ, ತಲೆಯೆತ್ತದೆ ಕೇಳಿದರು:

“ಚಂದ ಐತ್ರಿ. ಇದಕ್ಕೇನು ಹೆಸರಿಡಾನು ಉಜ್ಜನಪ್ಪಾರೆ?”

ಉಜ್ಜನಪ್ಪನ ಬಳಿ ಇನ್ನೂ ನಾಲ್ಕೈದು ಸುಳ್ಳು ಸಿದ್ಧವಿದ್ದವು. ಒಂದೂ ಬಾಯಿಗೆ ಬರಲಿಲ್ಲ. ಅವನು ನೆಲದ ಮೇಲೆ ಕೂತು ಅವರ ಕೈ ಹಿಡಿದುಕೊಂಡ.

“ತಪ್ಪಾತು ಸಾಬ್ರೆ.”

“ಎಷ್ಟು ದಿನ ಉಪವಾಸ ಇತ್ತು?”

“ಇಪ್ಪತ್ತಾರು.”

ಬಡೇಸಾಬ್ ಕಣ್ಣು ಒರೆಸಿಕೊಂಡರು. ಬೈಯಲಿಲ್ಲ. “ಅಲ್ಲಿ ಎಲ್ಲರ ಹೆಸರಿಗೂ ದುವಾ ಮಾಡಿದೆ,” ಎಂದರು. “ನಿಮ್ಮದು ಮೊದಲು.” ಖರ್ಜೂರದ ಪೊಟ್ಟಣವನ್ನು ದ್ರಾಕ್ಷಾಯಣಮ್ಮನ ಕೈಗೆ ಕೊಟ್ಟು, ಬೋಗುಣಿಯನ್ನು ಎತ್ತಿಕೊಂಡು ಹೋದರು.

ಸ್ನೇಹವೇನೂ ಕೆಡಲಿಲ್ಲ. ಭಟ್ಟಿಯ ಮುಂದಿನ ಕಲ್ಲು ಅಲ್ಲೇ ಇತ್ತು, ಮಂಡಕ್ಕಿಯೂ ಬಿಸಿಯಾಗಿಯೇ ಇರುತ್ತಿತ್ತು. ಉಜ್ಜನಪ್ಪ ಪಂಚವಾರ್ಷಿಕ ಯೋಜನೆಯ ಗೋಜಿಗೆ ಹೋಗುತ್ತಿರಲಿಲ್ಲ ಅಷ್ಟೇ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಾಗ ಬಡೇಸಾಬ್ ಹೊಸ ಅಂಗಿ ತೊಟ್ಟು ಬಸ್ ನಿಲ್ದಾಣದ ಕಡೆ ಹೊರಟಿದ್ದರು. ಕೈಯಲ್ಲಿ ಬಟ್ಟೆ ಮುಚ್ಚಿದ ಬೋಗುಣಿ. ಹೆಗಲಿಗೆ ತೂಗುಬಿಟ್ಟ ಚೀಲದಲ್ಲಿ ಗಡಿಗೆ.

“ಎಲ್ಲಿಗ್ರಿ ಸಾಬ್ರೆ?”

“ಹರಿಹರಕ್ಕೆ. ತಂಗಿ ಮಗಳ ಮದುವಿ. ಒಂದೇ ದಿನ, ನಾಳೆ ಬಂದುಬಿಡ್ತೀನಿ.”

ಒಂದೇ ದಿನ. ಉಜ್ಜನಪ್ಪ ಬಾಯಿಯ ನೀರು ಉಗುಳುವಷ್ಟರಲ್ಲಿ ಅವರು ಮುಂದೆ ಹೋಗಿದ್ದರು. ಅವನು ಹೆಗಲ ಮೇಲೆ ಟವೆಲು ಹಾಕಿಕೊಂಡೇ ಅವರ ಹಿಂದೆ ನಿಲ್ದಾಣದವರೆಗೆ ನಡೆದ. ಅಲ್ಲಿ ಕಂಡಕ್ಟರನು ಆಮೆಗೆ ಟಿಕೀಟು ತಗೊಳ್ಳಬೇಕೋ ಬೇಡವೋ ಎಂದು ಡ್ರೈವರನೊಡನೆ ಜಗಳ ತೆಗೆದಿದ್ದ. ಸೀಟಿನವರು ನಗುತ್ತಿದ್ದರು. ನೀರು ತುಳುಕಿ ಹೊಸ ಅಂಗಿಯೆಲ್ಲ ಒದ್ದೆಯಾದರೂ ಬಡೇಸಾಬ್ ಬೋಗುಣಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಬಸ್ಸು ಹೊರಟಾಗ ಉಜ್ಜನಪ್ಪ ಕೈ ಬೀಸಿದ. ಅವರು ಬೀಸಲಿಲ್ಲ.

ಎರಡೂ ಕೈಯಲ್ಲಿ ಬೋಗುಣಿ ಹಿಡಿದಿದ್ದರಲ್ಲ, ಅದಕ್ಕೇ ಬೀಸಲಿಲ್ಲ ಎಂದು ಅವನು ಮನೆಗೆ ಬಂದು ದ್ರಾಕ್ಷಾಯಣಮ್ಮನಿಗೆ ಹೇಳಿದ.